ವಿದ್ಯಾರ್ಹತೆ ಕಾಲಂನ ಆ ಒಂದು ಸಾಲು

ಪಿಯುಸಿ ಫಲಿತಾಂಶ ಬಂದ ಮೇಲೆ ಕಲಬುರಗಿಯ ಪದವಿ ಕಾಲೇಜುಗಳ ಪ್ರವೇಶ ಕೌಂಟರಿನ ಮುಂದೆ ನಿಂತರೆ ಒಂದೇ ಪ್ರಶ್ನೆ ಹತ್ತು ಬಾಯಲ್ಲಿ ಕೇಳುತ್ತದೆ: “ಯಾ ಸಬ್ಜೆಕ್ಟ್ ತಗೊಂಡ್ರ ನೌಕ್ರಿ ಹತ್ತತದ್ರೀ?” ಅಂಥ ಒಂದು ಕೌಂಟರಿನ ದೃಶ್ಯ ಮನಸ್ಸಿನಿಂದ ಹೋಗುವುದಿಲ್ಲ. ಅಫಜಲಪುರ ಕಡೆಯ ತಂದೆ, ಹೆಗಲ ಮೇಲೆ ಟವೆಲ್ಲು. ಪಕ್ಕದಲ್ಲಿ ಪಿಯು ಕಲಾ ವಿಭಾಗದಲ್ಲಿ ಒಳ್ಳೆಯ ಅಂಕ ತೆಗೆದ ಮಗಳು. ಗುಮಾಸ್ತರು ಕಂಪ್ಯೂಟರಿನಿಂದ ತಲೆ ಎತ್ತದೆ, “ಎಚ್‌ಇಪಿ ಹಾಕ್ರಿ, ಎಲ್ಲಾರೂ ಅದೇ ಹಾಕ್ಲತ್ತಾರ” ಅಂದರು. ಹುಡುಗಿ ಮೆಲ್ಲಗೆ, “ಐಚ್ಛಿಕ ಕನ್ನಡ ಅದ ಏನ್ರೀ ಸರ್?” ಎಂದು ಕೇಳಿದಳು. “ಕನ್ನಡ ಮನ್ಯಾಗ ಮಾತಾಡ್ತಿ, ಅದನ್ನೇನು ಮೂರು ವರ್ಷ ಓದ್ತಿ?” ಅಂದರು ತಂದೆ. ಪದವಿ ಪ್ರವೇಶದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಅಂದರೆ ಎಚ್‌ಇಪಿ, ಒತ್ತಿದ್ದಾಯಿತು. ಮುಂದಿನವರು ಬಂದರು.

ತಂದೆಯ ಪ್ರಶ್ನೆಯಲ್ಲಿ ತಪ್ಪಿಲ್ಲ. ‘ಓದುವುದು ಜ್ಞಾನಕ್ಕಾಗಿ, ನೌಕರಿಗಾಗಿ ಅಲ್ಲ’ ಎಂದು ಉಪದೇಶ ಮಾಡುವವರಿಗೆ ಸಾಮಾನ್ಯವಾಗಿ ತಿಂಗಳ ಸಂಬಳ ಬರುತ್ತಿರುತ್ತದೆ. ಮಳೆ ನಂಬಿ ತೊಗರಿ ಬಿತ್ತುವ ಮನೆಯವರು ಮೂರು ವರ್ಷದ ಬಸ್ ಪಾಸು, ರೂಮು ಬಾಡಿಗೆ, ಊಟದ ಖರ್ಚು ಹಾಕುವ ಮೊದಲು ಕೂಲಿ ಕೇಳಿದರೆ ಅದು ವ್ಯವಹಾರ ಜ್ಞಾನ. ತೊಂದರೆ ಇರುವುದು ಉತ್ತರದಲ್ಲಿ. ‘ಎಚ್‌ಇಪಿ ಹಾಕಿದರೆ ಕಾಂಪಿಟೇಟಿವ್‌ಗೆ ಒಳ್ಳೇದು’ ಎಂಬ ಸಿದ್ಧ ಉತ್ತರ ಯಾವ ನೌಕರಿಗೆ ಒಳ್ಳೆಯದು, ಎಷ್ಟು ಒಳ್ಳೆಯದು ಎಂದು ಹೇಳುವುದೇ ಇಲ್ಲ. ಅದನ್ನು ಹೇಳುವುದು ನೇಮಕಾತಿ ಅಧಿಸೂಚನೆಯಲ್ಲಿ ಹುದ್ದೆಯ ಹೆಸರಿನ ಪಕ್ಕದ ‘ವಿದ್ಯಾರ್ಹತೆ’ ಎಂಬ ಕಾಲಂ. ಅಲ್ಲಿ ಕೆಲವು ಹುದ್ದೆಗಳಿಗೆ ‘ಯಾವುದೇ ಪದವಿ’ ಎಂದಿರುತ್ತದೆ, ಕೆಲವಕ್ಕೆ ವಿಷಯದ ಹೆಸರೇ ಇರುತ್ತದೆ. ಬಿಎ ಸೇರುವವರು ಮೊದಲು ನೋಡಬೇಕಾದದ್ದು ಈ ವ್ಯತ್ಯಾಸವನ್ನು. ‘ಯಾವುದೇ ಪದವಿ’ ಎನ್ನುವ ನೌಕರಿಯ ಆಸೆಗೆ ವಿಷಯ ಬದಲಿಸಿಕೊಳ್ಳಬೇಕಾಗಿಲ್ಲ. ವಿಷಯದ ಹೆಸರು ಕೇಳುವ ನೌಕರಿ ಬೇಕಿದ್ದರೆ ಮೊದಲ ಸೆಮಿಸ್ಟರಿನಲ್ಲಿ ತಪ್ಪಿದ್ದನ್ನು ಆಮೇಲೆ ತಿದ್ದುವುದು ಬಹಳ ಕಷ್ಟ.

‘ಯಾವುದೇ ಪದವಿ’ ಅಂದರೆ ಯಾವುದೇ ಪದವಿ

ಕೆಎಎಸ್, ಪಿಡಿಒ, ಎಫ್‌ಡಿಎ, ಪಿಎಸ್‌ಐ, ಬ್ಯಾಂಕ್ ಕ್ಲರ್ಕು: ಇವೆಲ್ಲ ಪದವಿಯನ್ನಷ್ಟೇ ಕೇಳುತ್ತವೆ. ಎಸ್‌ಡಿಎ ಹಾಗೂ ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ಪಿಯುಸಿಯೇ ಸಾಕು. ಬಿಎದಲ್ಲಿ ಇತಿಹಾಸ ಓದಿದವರಿಗೂ ಹಿಂದಿ ಸಾಹಿತ್ಯ ಓದಿದವರಿಗೂ ಇಲ್ಲಿ ಒಂದು ಅಂಕದ ವ್ಯತ್ಯಾಸ ಮಾಡುವುದಿಲ್ಲ. ಸಾಮಾನ್ಯ ಅಧ್ಯಯನದಲ್ಲಿ ಇತಿಹಾಸ, ಸಂವಿಧಾನ, ಅರ್ಥವ್ಯವಸ್ಥೆ ಬರುತ್ತವೆ, ಹಾಗಾಗಿ ಎಚ್‌ಇಪಿ ಓದಿದವರಿಗೆ ಅನುಕೂಲ ಎನ್ನುವುದು ಅರ್ಧ ಸತ್ಯ. ಅನುಕೂಲ ಇದೆ. ಆದರೆ ಆ ಪತ್ರಿಕೆಗಳಲ್ಲಿ ವಿಜ್ಞಾನ, ಭೂಗೋಳ, ಮಾನಸಿಕ ಸಾಮರ್ಥ್ಯ, ಪ್ರಚಲಿತ ವಿದ್ಯಮಾನಗಳೂ ಇರುತ್ತವೆ. ಬಿಎ ಎರಡನೇ ವರ್ಷದ ಯುರೋಪಿನ ಇತಿಹಾಸ ಎಫ್‌ಡಿಎ ಪತ್ರಿಕೆಗೆ ಎಷ್ಟು ದೂರ ಒಯ್ಯುತ್ತದೆ ಎನ್ನುವುದು ಹಳೆಯ ಪ್ರಶ್ನೆಪತ್ರಿಕೆ ತಿರುವಿದವರಿಗೆ ಗೊತ್ತು.

ಅಂಕಗಳ ಹಂಚಿಕೆ ನೋಡಿ. ಎಫ್‌ಡಿಎಗೆ ಎರಡು ಪತ್ರಿಕೆ, ತಲಾ 100 ಅಂಕ: ಒಂದು ಸಾಮಾನ್ಯ ಜ್ಞಾನ, ಇನ್ನೊಂದು ಸಾಮಾನ್ಯ ಕನ್ನಡ ಅಥವಾ ಸಾಮಾನ್ಯ ಇಂಗ್ಲಿಷ್. ಅಂದರೆ ಅರ್ಧ ಪರೀಕ್ಷೆ ಭಾಷೆಯದು. ಸಂಧಿ, ಸಮಾಸ, ತತ್ಸಮ-ತದ್ಭವ, ಆಡಳಿತ ಪದಗಳು ಕೈವಶವಿದ್ದವರು ಅಲ್ಲಿ ಮುಂದೆ ಹೋಗುತ್ತಾರೆ. ಪಿಎಸ್‌ಐ ಪರೀಕ್ಷೆಯ ಮೊದಲ ಪತ್ರಿಕೆ 50 ಅಂಕದ್ದು, ಕೈಯಿಂದ ಬರೆಯುವಂಥದ್ದು: ಪ್ರಬಂಧ, ಸಾರಾಂಶ, ಅನುವಾದ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಹಿಂದೆ ಇದ್ದ ಐಚ್ಛಿಕ ವಿಷಯವನ್ನು ತೆಗೆದಿದ್ದಾರೆ. ಈಗ ಒಂದು ಪ್ರಬಂಧ, ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆ, ತಲಾ 250. ಯುಪಿಎಸ್‌ಸಿಯಲ್ಲಿ ಮಾತ್ರ ಐಚ್ಛಿಕ ಉಳಿದಿದೆ: 1750 ಅಂಕದ ಮುಖ್ಯ ಪರೀಕ್ಷೆಯಲ್ಲಿ 500. ಆ ಪಟ್ಟಿಯಲ್ಲಿ ಕನ್ನಡ ಸಾಹಿತ್ಯವೂ ಇದೆ. ಕೌಂಟರಿನಲ್ಲಿ ಆ ಹುಡುಗಿ ಕೇಳಿದ ವಿಷಯ ‘ಕಾಂಪಿಟೇಟಿವ್’ಗೆ ಅಡ್ಡ ಬರುತ್ತಿರಲಿಲ್ಲ, ಅಷ್ಟು ಸಾಬೀತಾಯಿತು.

ನಮ್ಮ ಭಾಗಕ್ಕೆ ಇರುವ ದೊಡ್ಡ ಬಲ ಸಂವಿಧಾನದ 371ಜೆ ವಿಧಿಯ ಮೀಸಲಾತಿ. ಅದೂ ವಿಷಯ ನೋಡುವುದಿಲ್ಲ. 2013ರ ಆದೇಶದಂತೆ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಗ್ರೂಪ್ ‘ಎ’ ಕಿರಿಯ ಶ್ರೇಣಿ ಮತ್ತು ‘ಬಿ’ ಹುದ್ದೆಗಳಲ್ಲಿ ಶೇ 75, ‘ಸಿ’ಯಲ್ಲಿ ಶೇ 80, ‘ಡಿ’ಯಲ್ಲಿ ಶೇ 85 ಸ್ಥಳೀಯರಿಗೆ. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ 8. ಅದನ್ನು ಪಡೆಯಲು ಬೇಕಾದದ್ದು ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರ. ತಂದೆ-ತಾಯಿಯ ಶಾಲಾ ದಾಖಲೆ, ವಾಸದ ದಾಖಲೆ ಒಂದಕ್ಕೊಂದು ಹೊಂದದೆ ಅರ್ಜಿ ವಾಪಸು ಬರುವುದು ಮಾಮೂಲು. ಒಂದು ಕಡೆ ‘ಶರಣಪ್ಪ’, ಇನ್ನೊಂದು ಕಡೆ ‘ಶರಣಬಸಪ್ಪ’ ಎಂದಿದ್ದರೆ ಅಫಿಡವಿಟ್ಟು, ಮತ್ತೆ ತಿರುಗಾಟ. ಅಧಿಸೂಚನೆ ಬಂದ ಮೇಲೆ ಓಡಾಡುವ ಬದಲು ಬಿಎ ಮೊದಲ ವರ್ಷದಲ್ಲೇ ಇದನ್ನು ಮುಗಿಸಿಟ್ಟುಕೊಳ್ಳುವುದು ಒಳ್ಳೆಯದು. ಯಾವ ಐಚ್ಛಿಕ ವಿಷಯವೂ ಇಷ್ಟು ಲಾಭ ಕೊಡುವುದಿಲ್ಲ.

ಈ ದಾರಿಯ ಕಷ್ಟ ಕಾಯುವುದರಲ್ಲಿದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ, ನಮ್ಮೂರಿನ ಒಂದು ಕೇಂದ್ರದ ಅಕ್ರಮವೂ ಸೇರಿ ಹಗರಣ ಹೊರಬಿದ್ದು, 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರ ಎರಡು ವರ್ಷಕ್ಕೂ ಹೆಚ್ಚು ಕಾಲ ಕೋಚಿಂಗ್ ಸೆಂಟರಿನ ಓಣಿಯಲ್ಲೇ ಹೋಯಿತು. ‘ಯಾವುದೇ ಪದವಿ’ ನೌಕರಿಯನ್ನೇ ಗುರಿ ಮಾಡಿಕೊಂಡವರಿಗೂ ಹೀಗೆ ಕಾಯುವ ವರ್ಷಗಳಲ್ಲಿ ಅನ್ನ ಕೊಡುವ ಎರಡನೇ ದಾರಿ ಬೇಕು. ಆ ಎರಡನೇ ದಾರಿ ಹೆಚ್ಚಾಗಿ ವಿಷಯದ ಹೆಸರು ಕೇಳುವಂಥದ್ದೇ ಆಗಿರುತ್ತದೆ. ಮೇಜರ್, ಅಂದರೆ ಮುಖ್ಯ ವಿಷಯದ, ಆಯ್ಕೆಗೆ ಬೆಲೆ ಬರುವುದು ಅಲ್ಲಿ.

ವಿಷಯದ ಹೆಸರು ಕೇಳುವ ನೌಕರಿ

ಮೊದಲನೆಯದು ಮಾಸ್ತರಿಕೆ. 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ 15,000 ಹುದ್ದೆ, ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ. ಅಷ್ಟು ಹುದ್ದೆ ಒಟ್ಟಿಗೆ ನಮ್ಮ ಕಡೆಗೆ ಬರುವ ಬೇರೆ ನೇಮಕಾತಿ ವಿರಳ. ಆದರೆ ಅಲ್ಲಿ ‘ಬಿಎ ಆಗಿದೆ’ ಎಂದರೆ ಸಾಲದು. ಸಮಾಜ ವಿಜ್ಞಾನಕ್ಕೆ ಬೇರೆ, ಇಂಗ್ಲಿಷಿಗೆ ಬೇರೆ ಅರ್ಹತೆ. ಪದವಿಯಲ್ಲಿ ಶೇ 50 ಅಂಕ (ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1ಕ್ಕೆ ಶೇ 45), ಎರಡು ವರ್ಷದ ಬಿಇಡಿ, ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯ ಎರಡನೇ ಪತ್ರಿಕೆ. ಟಿಇಟಿ 150 ಅಂಕದ್ದು: ಶಿಶು ವಿಕಾಸ 30, ಎರಡು ಭಾಷೆ ತಲಾ 30, ವಿಷಯ 60. ಪಾಸಾಗಲು ಸಾಮಾನ್ಯ ವರ್ಗಕ್ಕೆ 90 ಬೇಕು. ಇಲ್ಲೂ ಲೆಕ್ಕ ಹಾಕಿ: ಭಾಷೆಯದು 60, ವಿಷಯದ್ದೂ 60. ನಮ್ಮ ಹುಡುಗರು ಸಮಾಜ ವಿಜ್ಞಾನ ಅರೆದು ಕುಡಿದಿರುತ್ತಾರೆ, ಸೋಲುವುದು ಇಂಗ್ಲಿಷ್ ಭಾಷೆಯಲ್ಲಿ.

ಬಿಇಡಿ ಎಂದರೆ ಎರಡು ಬೋಧನಾ ವಿಷಯ. ಎಲ್ಲರೂ ‘ಮೆಥಡ್’ ಎನ್ನುತ್ತಾರೆ. ಆ ಎರಡು ಮೆಥಡ್ ಹುಟ್ಟುವುದು ಬಿಎದಲ್ಲಿ ಓದಿದ ವಿಷಯಗಳಿಂದ. ಹಾಗಾಗಿ ಬಿಎ ಸೇರುವಾಗಲೇ ‘ನನ್ನ ಎರಡು ಮೆಥಡ್ ಯಾವುವು’ ಎಂದು ಕೇಳಿಕೊಳ್ಳಬೇಕು. ಇತಿಹಾಸದ ಜೊತೆ ಭೂಗೋಳ ಅಥವಾ ಅರ್ಥಶಾಸ್ತ್ರ ಇದ್ದರೆ ಸಮಾಜ ವಿಜ್ಞಾನಕ್ಕೆ ಗಟ್ಟಿ. ಒಂದು ಭಾಷೆ ಐಚ್ಛಿಕವಾಗಿದ್ದರೆ ಎರಡನೇ ಮೆಥಡ್‌ಗೂ ಗಟ್ಟಿ, ಎಂಎಗೂ ಗಟ್ಟಿ. ನನಗೆ ಎಚ್‌ಇಪಿಗಿಂತ ಎಚ್‌ಇಕೆ, ಅಂದರೆ ಇತಿಹಾಸ-ಅರ್ಥಶಾಸ್ತ್ರ-ಕನ್ನಡ, ಹೆಚ್ಚು ಬುದ್ಧಿವಂತ ಆಯ್ಕೆ ಎನಿಸುವುದು ಇದಕ್ಕೇ. ಇಂಗ್ಲಿಷ್ ಐಚ್ಛಿಕ ತೆಗೆದುಕೊಳ್ಳುವ ಧೈರ್ಯ ಇದ್ದವರಿಗೆ ಅದು ಇನ್ನೂ ಒಳ್ಳೆಯದು, ಆದರೆ ಧೈರ್ಯ ಮಾತ್ರ ಇದ್ದರೆ ಆಗದು. ಮೊದಲ ಸೆಮಿಸ್ಟರಿನಲ್ಲೇ ಎರಡು ವಿಷಯ ಬ್ಯಾಕ್ ಬಿದ್ದರೆ ಶೇಕಡಾವಾರು ಕುಸಿಯುತ್ತದೆ, ಆ ಶೇಕಡಾವಾರು ಎಲ್ಲ ಕಡೆ ಹಿಂಬಾಲಿಸುತ್ತದೆ. ಮೂಲ ಕನ್ನಡ, ಮೂಲ ಇಂಗ್ಲಿಷ್ ಎಂದು ಎಲ್ಲರೂ ಓದುವ ಭಾಷಾ ಪತ್ರಿಕೆಯೇ ಬೇರೆ, ಐಚ್ಛಿಕವೇ ಬೇರೆ ಎನ್ನುವುದನ್ನೂ ಇಲ್ಲಿ ನೆನಪಿಡಬೇಕು. ಅಧಿಸೂಚನೆಯವರು ‘ಐಚ್ಛಿಕವಾಗಿ ಅಭ್ಯಸಿಸಿರಬೇಕು’ ಎಂದು ಬರೆದರೆ ಮೂಲ ಕನ್ನಡ ತೋರಿಸಿ ಪ್ರಯೋಜನವಿಲ್ಲ.

ಇನ್ನೊಂದು ದೃಶ್ಯ, ಬಿಇಡಿ ದಾಖಲೆ ಪರಿಶೀಲನೆಯದು. ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬ್ಯಾಚಿನ ಹುಡುಗ, ಕೈಯಲ್ಲಿ ಆರು ಅಂಕಪಟ್ಟಿ. ಪರಿಶೀಲಿಸುವವರು ಒಂದೊಂದೇ ತಿರುವಿದರು. ಇತಿಹಾಸ ಆರರಲ್ಲೂ ಇತ್ತು. ರಾಜ್ಯಶಾಸ್ತ್ರ ನಾಲ್ಕು ಸೆಮಿಸ್ಟರ್ ಬಂದು, ಮೂರನೇ ವರ್ಷದಲ್ಲಿ ಬೇರೆ ರೂಪದಲ್ಲಿ, ಕಡಿಮೆ ಪತ್ರಿಕೆಗಳಲ್ಲಿ ಇತ್ತು. “ಇದು ಮೇಜರೋ ಮೈನರೋ?” ಎಂದರು. ಹುಡುಗನಿಗೆ ಗೊತ್ತಿಲ್ಲ. ಪಕ್ಕದ ಟೇಬಲ್ಲಿನವರನ್ನು ಕರೆದರು, ಅವರೂ ಕನ್ನಡಕ ಏರಿಸಿ ನೋಡಿದರು. ಕೊನೆಗೆ ಕಡತ ಬದಿಗಿಟ್ಟು, ಯಾವ ಸೆಮಿಸ್ಟರಿನಲ್ಲಿ ಯಾವ ವಿಷಯ ಎಷ್ಟು ಕ್ರೆಡಿಟ್ ಓದಿದ್ದಾನೆ ಎಂದು ಪ್ರಾಂಶುಪಾಲರಿಂದ ಪತ್ರ ತರಲು ಹೇಳಿದರು. ಅವನ ಕಾಲೇಜು ಸುರಪುರದ ಕಡೆ. ಆ ದಿನದ ಕೊನೆಯ ಗಂಟೆಯೊಳಗೆ ಪತ್ರ ಬರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊವನ್ನು ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ತಂದ.

ಎನ್‌ಇಪಿಯಡಿ 2021-22ರಿಂದ ಮೂರು ವರ್ಷ ಸೇರಿದ ಬ್ಯಾಚುಗಳೆಲ್ಲ ಇಂಥ ಪತ್ರವನ್ನು ಈಗಲೇ ತೆಗೆದಿಟ್ಟುಕೊಳ್ಳಬೇಕು. ಆಗ ಎರಡು ವಿಷಯ, ಮೂರನೇ ವರ್ಷಕ್ಕೆ ಮೇಜರ್-ಮೈನರ್, ಬೇಕಿದ್ದರೆ ನಾಲ್ಕನೇ ವರ್ಷ ಆನರ್ಸ್. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷ, ಮೂರು ವಿಷಯದ ಪದ್ಧತಿಗೆ ಬಂದಿದೆ. ನೇಮಕಾತಿ ನಿಯಮಗಳು ಬರೆದದ್ದು ಹೆಚ್ಚಾಗಿ ಹಳೆಯ ಮೂರು ವಿಷಯದ ಬಿಎಯನ್ನು ಕಣ್ಣ ಮುಂದೆ ಇಟ್ಟುಕೊಂಡು. ಹಾಗಾಗಿ ಈಗ ಸೇರುವವರ ಸ್ಥಿತಿ ಆ ಮೂರು ಬ್ಯಾಚಿನವರಿಗಿಂತ ಸ್ವಚ್ಛ. ಮೂರೂ ವಿಷಯ ಆರೂ ಸೆಮಿಸ್ಟರ್ ಮುಂದುವರಿಯುತ್ತವೆಯೇ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ. ಮೂರು ಜಿಲ್ಲೆಯ ಕಾಲೇಜುಗಳು ಈಗ ಮೂರು ವಿಶ್ವವಿದ್ಯಾಲಯಗಳ ಕೆಳಗಿವೆ: ಕಲಬುರಗಿಯವು 1980ರ ಗುಲಬರ್ಗಾ ವಿಶ್ವವಿದ್ಯಾಲಯದ್ದು, ಯಾದಗಿರಿಯವು ರಾಯಚೂರಿನದು, ಬೀದರಿನವು ಹೊಸ ಬೀದರ್ ವಿಶ್ವವಿದ್ಯಾಲಯದ್ದು. ಒಂದೆಡೆ ಇರುವ ವಿಷಯ ಜೋಡಣೆ ಇನ್ನೊಂದೆಡೆ ಇರಲೇಬೇಕೆಂದಿಲ್ಲ.

ಐವತ್ತೈದು

ಎಂಎ ತನಕ ಹೋಗುವವರು ಈ ಸಂಖ್ಯೆಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಪಿಯು ಉಪನ್ಯಾಸಕರಾಗಲು ಆ ವಿಷಯದ ಎಂಎಯಲ್ಲಿ ಶೇ 55, ಜೊತೆಗೆ ಬಿಇಡಿ. ಪದವಿ ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್ ಬರೆಯಲೂ ಸಾಮಾನ್ಯ ವರ್ಗಕ್ಕೆ ಶೇ 55, ಮೀಸಲು ವರ್ಗಗಳಿಗೆ ಶೇ 50. ಹತ್ತಿರದ ಪೂರ್ಣಾಂಕಕ್ಕೆ ಏರಿಸುವುದಿಲ್ಲ, 54.9 ಎಂದರೆ 54.9. ಎಂಎ ಮೊದಲ ಸೆಮಿಸ್ಟರನ್ನು ಹೊಸ ಊರು, ಹಾಸ್ಟೆಲ್ ಹುಡುಕಾಟದಲ್ಲಿ ಕಳೆದವರು ಕೊನೆಗೆ ಅರ್ಧ ಅಂಕಕ್ಕೆ ಸಿಕ್ಕಿಬೀಳುತ್ತಾರೆ. ಆಮೇಲೆ ಇನ್ನೊಂದು ವಿಷಯದಲ್ಲಿ ದೂರಶಿಕ್ಷಣದ ಎಂಎ ಮಾಡಿದರೆ ಆ ಹೊಸ ವಿಷಯಕ್ಕೆ ಅರ್ಹತೆ ಬರುತ್ತದೆ, ಹಳೆಯ ವಿಷಯದ ಕಥೆ ಅಲ್ಲಿಗೆ ಮುಗಿದ ಹಾಗೆ.

ನೆಟ್‌ನಲ್ಲಿ ಮೊದಲ ಪತ್ರಿಕೆ 50 ಪ್ರಶ್ನೆ 100 ಅಂಕ, ಎರಡನೆಯದು ವಿಷಯದ್ದು, 100 ಪ್ರಶ್ನೆ 200 ಅಂಕ, ಎರಡೂ ಸೇರಿ ಮೂರು ಗಂಟೆ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ 57,700. ಈ ಅಂಕಿ ಕೇಳಿ ಕಣ್ಣರಳಿಸುವವರಿಗೆ ಇನ್ನೊಂದು ಅಂಕಿಯನ್ನೂ ಹೇಳಬೇಕು: ಕಾಯಂ ನೇಮಕಾತಿ ವರ್ಷಗಟ್ಟಲೆ ಬರುವುದಿಲ್ಲ, ಆ ನಡುವೆ ಸಿಗುವುದು ಅತಿಥಿ ಉಪನ್ಯಾಸಕರ ಕೆಲಸ. 2022ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಅತಿಥಿಗಳಿಗೆ ಗೌರವಧನ ಹೆಚ್ಚಿಸಿದಾಗ ವಾರದ ಕಾರ್ಯಭಾರವನ್ನೂ 15 ಗಂಟೆಗೆ ಏರಿಸಿದರು. ಕೆಲವರ ಕೈಗೆ ಹಣ ಹೆಚ್ಚಿತು, ಇಬ್ಬರಿಗೆ ಹಂಚಿದ್ದ ಪಾಠ ಒಬ್ಬರಿಗೆ ಹೋಗಿ ಇನ್ನೊಬ್ಬರು ಮನೆ ಸೇರಿದರು. ಕಾಲೇಜು ಉಪನ್ಯಾಸಕರಾಗಬೇಕೆಂಬ ಆಸೆಯಿಂದ ಮೇಜರ್ ಆಯ್ದುಕೊಳ್ಳುವವರು ಆ ವಿಷಯ ಎಷ್ಟು ಕಾಲೇಜುಗಳಲ್ಲಿ ಇದೆ ಎಂದು ಎಣಿಸುವುದು ಅಗತ್ಯ. ಕನ್ನಡ, ಇಂಗ್ಲಿಷ್ ಪ್ರತಿ ಕಾಲೇಜಿನಲ್ಲೂ ಬಿಎ, ಬಿಕಾಂ, ಬಿಎಸ್ಸಿ ಎಲ್ಲಕ್ಕೂ ಬೇಕು. ಪತ್ರಿಕೋದ್ಯಮ, ಮನೋವಿಜ್ಞಾನ ಬೆರಳೆಣಿಕೆಯ ಕಡೆ. ಗ್ರಂಥಾಲಯ ವಿಜ್ಞಾನದ ಕಡೆ ನಮ್ಮವರು ತಿರುಗಿಯೂ ನೋಡುವುದಿಲ್ಲ. ಯಾವ ಬಿಎ ಮೇಲಾದರೂ ಅದನ್ನು ಓದಬಹುದು, ಕಾಲೇಜು ಗ್ರಂಥಪಾಲಕರಿಗೂ ಯುಜಿಸಿ ವೇತನ ಶ್ರೇಣಿಯೇ.

ಈ ಮಣ್ಣಿನ ಕಾಗದ

ಕಲಬುರಗಿಯಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಕೆಳ ನ್ಯಾಯಾಲಯದ ಸಾಕ್ಷಿ ಹೇಳಿಕೆ, ಪಂಚನಾಮೆ, ಖರೀದಿಪತ್ರ, ಪಹಣಿ ಬಹುಪಾಲು ಕನ್ನಡದಲ್ಲಿ. ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ. ಮೇಲ್ಮನವಿ ಹೋಗುವಾಗ ನಡುವೆ ಯಾರೋ ಒಬ್ಬರು ಆ ಕಟ್ಟನ್ನು ಇಂಗ್ಲಿಷಿಗೆ ತಂದಿರಬೇಕು. ವಕೀಲರ ಕಚೇರಿಗಳಲ್ಲಿ ಈ ಕೆಲಸ ಪುಟದ ಲೆಕ್ಕದಲ್ಲಿ ನಡೆಯುತ್ತದೆ. ಎರಡೂ ಭಾಷೆ ಬಲ್ಲ, ಇನಾಂ, ಪಟ್ಟಾ, ಖರಾಬು, ಬಾಂದು ಏನೆಂದು ತಿಳಿದ, ಗಡುವಿಗೆ ಕೊಡುವ ಜನ ಕಡಿಮೆ. ಯಂತ್ರಾನುವಾದ ಬಂದಿದೆ ನಿಜ, ಆದರೆ ಸರ್ವೆ ನಂಬರು, ಎಕರೆ-ಗುಂಟೆ, ‘ಪೂರ್ವಕ್ಕೆ ಇವರ ಹೊಲ, ಪಶ್ಚಿಮಕ್ಕೆ ಹಳ್ಳ’ ಎಂಬ ಚಕ್ಕುಬಂದಿ ಒಂದು ಕಡೆ ತಪ್ಪಿದರೂ ಪ್ರಕರಣ ಕೆಡುತ್ತದೆ. ತಿದ್ದುವ ಕಣ್ಣು ಬೇಕೇ ಬೇಕು. ಇದಕ್ಕೆ ಕನ್ನಡ ಮತ್ತು ಇಂಗ್ಲಿಷ್ ಸೀನಿಯರ್ ಟೈಪಿಂಗ್ ಸೇರಿದರೆ ಜಿಲ್ಲಾ ನ್ಯಾಯಾಲಯಗಳ ಬೆರಳಚ್ಚುಗಾರ ಹುದ್ದೆಗೂ ಅರ್ಜಿ ಹಾಕಬಹುದು, ಶೀಘ್ರಲಿಪಿ ಸೇರಿದರೆ ಸ್ಟೆನೋ ಹುದ್ದೆಗೂ. ಬಿಎ ಓದುವ ಮೂರು ವರ್ಷದಲ್ಲಿ ಸಂಜೆ ಒಂದು ಗಂಟೆ ಇಟ್ಟರೆ ಜೂನಿಯರ್, ಸೀನಿಯರ್ ಎರಡೂ ಮುಗಿಯುತ್ತವೆ. ಮುಂದೆ ಮೂರು ವರ್ಷದ ಎಲ್‌ಎಲ್‌ಬಿ ಮಾಡುವವರಿಗೂ ಇದು ನಷ್ಟವಲ್ಲ.

ಇನ್ನೊಂದು ಕಾಗದ ಉರ್ದುವಿನದು. 1948ರವರೆಗೆ ನಾವು ನಿಜಾಮರ ಸಂಸ್ಥಾನದಲ್ಲಿದ್ದೆವು, ಕರ್ನಾಟಕದ ಜೊತೆ ಸೇರಿದ್ದು 1956ರಲ್ಲಿ. ಹಳೆಯ ಭೂದಾಖಲೆ, ನ್ಯಾಯಾಲಯದ ತೀರ್ಪು, ಇನಾಂ ಪತ್ರಗಳು ಉರ್ದುವಿನಲ್ಲಿ, ಅದಕ್ಕೂ ಹಿಂದಿನವು ಪಾರ್ಸಿಯಲ್ಲಿ, ಇಸವಿ ಫಸಲಿ ಎಂಬ ಹಳೆಯ ವರ್ಷಗಣನೆಯಲ್ಲಿ. ಫಸಲಿಗೆ 590 ಕೂಡಿಸಿದರೆ ಸರಿಸುಮಾರು ಇಸವಿ ಸಿಗುತ್ತದೆ: 1357 ಎಂದರೆ 1947-48. ಬೀದರ್, ಹುಮನಾಬಾದ್, ಚಿಂಚೋಳಿಯ ಎಷ್ಟೋ ಹೊಲದ ದಾವೆಗಳು ಇಂಥ ಒಂದು ಹಾಳೆಯ ಮೇಲೆ ನಿಂತಿರುತ್ತವೆ. ಮನೆಯಲ್ಲಿ ಉರ್ದು ಇದ್ದೂ ಅದನ್ನು ‘ನೌಕರಿಗೆ ಬಾರದ ಭಾಷೆ’ ಎಂದು ಬಿಡುವ ಹುಡುಗ ಹುಡುಗಿಯರು, ಶಿಕಸ್ತಾ ಎಂಬ ಅವಸರದ ಬರಹವನ್ನು ಓದಲು ಕಲಿತು ಜೊತೆಗೆ ಇತಿಹಾಸವನ್ನೋ ಕಾನೂನನ್ನೋ ಇಟ್ಟುಕೊಂಡರೆ ಅವರಿಗೆ ಪೈಪೋಟಿ ಕೊಡುವವರು ಸುತ್ತಮುತ್ತ ಹೆಚ್ಚಿಲ್ಲ. ಇದು ಸಂಬಳದ ನೌಕರಿ ಅಲ್ಲ, ಕೆಲಸ ಬಂದಾಗ ಬರುವ ಆದಾಯ. ಎಂಎ, ಸಂಶೋಧನೆಯ ಜೊತೆ ಇಟ್ಟುಕೊಳ್ಳಲು ಮಾತ್ರ ಚೆನ್ನಾಗಿದೆ.

ಇತಿಹಾಸ ಓದುವವರಿಗೆ ಮಳಖೇಡ, ಸನ್ನತಿ-ಕನಗನಹಳ್ಳಿ, ಬಸವಕಲ್ಯಾಣ, ಬೀದರಿನ ಮಹಮೂದ್ ಗವಾನ್ ಮದರಸಾ, ಹುಣಸಗಿ ಕಣಿವೆಯ ಹಳೆ ಶಿಲಾಯುಗದ ನೆಲೆಗಳು ಬಸ್ಸಿನ ದಾರಿಯಲ್ಲಿವೆ. ‘ಪ್ರವಾಸೋದ್ಯಮದಲ್ಲಿ ಅವಕಾಶ’ ಎಂದು ಭಾಷಣದಲ್ಲಿ ಹೇಳುವಷ್ಟು ನೌಕರಿಗಳು ಇವುಗಳ ಸುತ್ತ ಸದ್ಯ ಇಲ್ಲ. ಪುರಾತತ್ತ್ವವನ್ನೇ ವೃತ್ತಿ ಮಾಡಿಕೊಳ್ಳುವವರಿಗೆ ದಾರಿ ಕಿರಿದು: ಎಂಎ ಆದ ಮೇಲೆ ಗ್ರೇಟರ್ ನೊಯಿಡಾದಲ್ಲಿರುವ ಪುರಾತತ್ತ್ವ ಇಲಾಖೆಯ ಸಂಸ್ಥೆಯ ಎರಡು ವರ್ಷದ ಡಿಪ್ಲೊಮಾ, ಅದಕ್ಕೆ ಪ್ರವೇಶ ಪರೀಕ್ಷೆ, ಸೀಟು ಬಹಳ ಕಡಿಮೆ. ಸಂಸ್ಕೃತ, ಪ್ರಾಕೃತ, ಪಾರ್ಸಿ, ಅರಬ್ಬಿ ಇವುಗಳಲ್ಲಿ ಒಂದಾದರೂ ಬಂದರೆ ತೂಕ ಹೆಚ್ಚು. ಹಂಬಲ ಇದ್ದವರು ಹೋಗಲಿ, ಆದರೆ ಕೈಯಲ್ಲಿ ಬಿಇಡಿ ಇಟ್ಟುಕೊಂಡು.

ಗಣಿತ ಬಿಟ್ಟವರ ಅರ್ಥಶಾಸ್ತ್ರ

ಎಚ್‌ಇಪಿಯ ನಡುವಿನ ‘ಇ’ ಬಗ್ಗೆ ಒಂದು ಎಚ್ಚರಿಕೆ. ಅರ್ಥಶಾಸ್ತ್ರದ ಮೇಲಿನ ಮೆಟ್ಟಿಲುಗಳಲ್ಲಿ ಗಣಿತ ಇದೆ. ಕೇಂದ್ರದ ಇಂಡಿಯನ್ ಎಕನಾಮಿಕ್ ಸರ್ವಿಸ್‌ಗೆ ಅರ್ಥಶಾಸ್ತ್ರದ ಎಂಎ ಬೇಕು, ಆ ಪರೀಕ್ಷೆಯಲ್ಲಿ ಗಣಿತ, ಸಂಖ್ಯಾಶಾಸ್ತ್ರ ಇಲ್ಲದೆ ನಡೆಯುವುದಿಲ್ಲ. ಎಸ್‌ಎಸ್‌ಸಿಯ ಕಿರಿಯ ಸಂಖ್ಯಾಧಿಕಾರಿ ಹುದ್ದೆ ಹನ್ನೆರಡನೇ ತರಗತಿಯ ಗಣಿತದಲ್ಲಿ ಶೇ 60 ಕೇಳುತ್ತದೆ, ಇಲ್ಲವೇ ಪದವಿಯಲ್ಲಿ ಸಂಖ್ಯಾಶಾಸ್ತ್ರ ಇರಬೇಕು. ನಮ್ಮ ಪಿಯು ಕಲಾ ವಿಭಾಗದ ಹುಡುಗರು ಗಣಿತಕ್ಕೆ ಎಸ್ಸೆಸ್ಸೆಲ್ಸಿಯಲ್ಲೇ ಕೈ ಮುಗಿದು ಬಂದವರು. ಅವರಿಗೆ ಅರ್ಥಶಾಸ್ತ್ರ ಬೇಡವೆಂದಲ್ಲ. ಮಾಸ್ತರಿಕೆಗೆ, ಕೆಎಎಸ್‌ಗೆ ಅದು ಸಾಕು. ‘ಅರ್ಥಶಾಸ್ತ್ರಜ್ಞ’ರ ನೌಕರಿಗೆ ಹೋಗುವುದಾದರೆ ಬಿಎ ಮೊದಲ ವರ್ಷದಿಂದಲೇ ಪಿಯು ಗಣಿತ ಪುಸ್ತಕ ಹಿಡಿದು ಕೂರಬೇಕು. ಸಮಾಜಶಾಸ್ತ್ರದವರಿಗೆ ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಒಳ್ಳೆಯ ಮುಂದುವರಿಕೆ. ವಾಡಿ, ಮಳಖೇಡ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಂಥ ದೊಡ್ಡ ಕಾರ್ಖಾನೆಗೆ ಕಾನೂನಿನ ಪ್ರಕಾರ ಕಲ್ಯಾಣಾಧಿಕಾರಿ ಇರಲೇಬೇಕು. ಅದಕ್ಕೆ ಯಾವ ಸ್ನಾತಕೋತ್ತರ ಪದವಿ, ಯಾವ ವಿಶೇಷ ವಿಷಯ ಎಂಬುದು ನಿಯಮದಲ್ಲಿದೆ, ಎಂಎಸ್‌ಡಬ್ಲ್ಯು ಸೇರುವಾಗಲೇ ಅದನ್ನು ನೋಡಿಕೊಂಡು ಸೇರಬೇಕು.

ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಅಲ್ಲಿಗೆ ಪ್ರವೇಶ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ, ಅರ್ಜಿ ಹಾಕುವ ಅವಧಿ ಪಿಯು ಫಲಿತಾಂಶಕ್ಕೂ ಮೊದಲೇ ಮುಗಿಯುತ್ತದೆ. ಫಲಿತಾಂಶ ನೋಡಿಕೊಂಡು ಹೋಗೋಣ ಎಂದು ಕೂತವರು ಪ್ರತಿ ವರ್ಷ ತಪ್ಪಿಸಿಕೊಳ್ಳುತ್ತಾರೆ, ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿದ್ದರೂ.

ರಾಜ್ಯದ ಕಾಲೇಜಿಗೆ ಸೇರುವವರು ಪ್ರವೇಶಕ್ಕೆ ಹೋಗುವ ಮುನ್ನ ಮೂರು ಹಳೆಯ ಅಧಿಸೂಚನೆಗಳನ್ನು ಇಳಿಸಿಕೊಂಡು ಓದಲಿ: ಶಾಲಾ ಶಿಕ್ಷಕರದು ಒಂದು, ಪಿಯು ಉಪನ್ಯಾಸಕರದು ಒಂದು, ಕೆಪಿಎಸ್‌ಸಿಯದು ಒಂದು. ಕೌಂಟರಿನಲ್ಲಿ ‘ಈ ಕಾಂಬಿನೇಷನ್ ಇಲ್ಲ’ ಎಂದರೆ ಎರಡು ಅರ್ಥ ಇರಬಹುದು. ಕಾಲೇಜಿಗೆ ಆ ವಿಷಯ ಕಲಿಸಲು ವಿಶ್ವವಿದ್ಯಾಲಯದ ಮಾನ್ಯತೆಯೇ ಇಲ್ಲದಿರಬಹುದು, ಅಥವಾ ಮಕ್ಕಳು ಕಡಿಮೆ ಎಂದು ವೇಳಾಪಟ್ಟಿಯಲ್ಲಿ ಕೈಬಿಟ್ಟಿರಬಹುದು. ಎರಡನೆಯದಾದರೆ ಕನ್ನಡ ವಿಭಾಗದ ಮುಖ್ಯಸ್ಥರನ್ನೇ ನೇರ ಕಾಣುವುದು ಮೇಲು. ತಮ್ಮ ವಿಷಯಕ್ಕೆ ನಾಲ್ಕು ಹುಡುಗರು ಬರುತ್ತಾರೆಂದರೆ ಪ್ರಾಂಶುಪಾಲರ ಹತ್ತಿರ ಅವರೇ ಮಾತಾಡುತ್ತಾರೆ, ಅವರ ಕಾರ್ಯಭಾರವೂ ಅದರ ಮೇಲೇ ನಿಂತಿದೆ. ಈಗಾಗಲೇ ಎಚ್‌ಇಪಿ ಒತ್ತಿಬಿಟ್ಟವರು ತರಗತಿ ಶುರುವಾದ ಮೊದಲ ವಾರಗಳಲ್ಲೇ ಬದಲಾವಣೆಯ ಅರ್ಜಿ ಬರೆದು, ಸ್ವೀಕೃತಿ ಪಡೆದು, ಯುಯುಸಿಎಂಎಸ್‌ನಲ್ಲಿ ವಿಷಯ ನಿಜವಾಗಿ ಬದಲಾಗಿದೆಯೇ ಎಂದು ತಾವೇ ಲಾಗಿನ್ ಆಗಿ ನೋಡಬೇಕು. ತರಗತಿಯಲ್ಲಿ ಕನ್ನಡ ಕೇಳುತ್ತಾ ಕೂತು, ಪರೀಕ್ಷೆಯ ಹಾಲ್ ಟಿಕೆಟ್‌ನಲ್ಲಿ ರಾಜ್ಯಶಾಸ್ತ್ರ ಕಂಡು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಓಡುವವರು ಪ್ರತಿ ಡಿಸೆಂಬರ್-ಜನವರಿಯಲ್ಲಿ ಸಿಗುತ್ತಾರೆ.